ಗಿಟಾರ್ ಧ್ವನಿಮುದ್ರಣದಲ್ಲಿ ಬೇಡದ ಒಡಕು: ಮಾಡೆಲರ್ ಜೋಡಿಸುವ ಮೂರು ದಾರಿಗಳ ಹೋಲಿಕೆ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ನಿಜವಾದ ಆಂಪ್ (ಗಿಟಾರ್ ಧ್ವನಿವರ್ಧಕ) ಅನ್ನು ಜೋರಾಗಿ ಹಚ್ಚಿ ಮುದ್ರಿಸುವಂತಿಲ್ಲವಾದ್ದರಿಂದ, ವಚನ ಗಾಯನಕ್ಕೆ ಗಿಟಾರ್ ನುಡಿಸುವ ನಾನು ಆಂಪ್‌ನ ಧ್ವನಿಯನ್ನು ಅನುಕರಿಸುವ ಡಿಜಿಟಲ್ ಮಾಡೆಲರನ್ನೇ ನೆಚ್ಚಿಕೊಂಡಿದ್ದೇನೆ. ತಂತಿಗಳನ್ನು ಒಂದೊಂದಾಗಿ ಮೀಟುವ ಆ ಹಿನ್ನೆಲೆಯಲ್ಲಿ ಎಳ್ಳಷ್ಟು ಒಡಕು ಸೇರಿದರೂ ಹಾಡುವವರ ದನಿಯ ಅಡಿಯಲ್ಲಿ ಅದು ಅಡಗುವುದಿಲ್ಲ. ಒಂದೇ ಹಂಬಕರ್ (ಎರಡು ಸುರುಳಿಗಳ ಪಿಕಪ್) ಗಿಟಾರ್ ಮತ್ತು ಒಂದೇ ಪಲ್ಲವಿಯನ್ನು ಇಟ್ಟುಕೊಂಡು ಮೂರು ದಾರಿಗಳನ್ನು ಪರೀಕ್ಷಿಸಿದೆ.

ಮಾಡೆಲರ್‌ನ ಅನಲಾಗ್ ಔಟ್‌ಪುಟ್‌ನಿಂದ ಧ್ವನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಆಡಿಯೋ ಇಂಟರ್ಫೇಸ್‌ಗೆ ಕೇಬಲ್ ಎಳೆಯುವುದು ಮೊದಲನೆಯ ದಾರಿ. ಲೈನ್ ಮಟ್ಟದಲ್ಲಿ, ಅಂದರೆ ಗಿಟಾರ್‌ಗಿಂತ ಬಲವಾಗಿ, ಹೊರಬರುವ ಸಂಕೇತವನ್ನು ನಾನು ಗಿಟಾರ್‌ಗೆಂದೇ ಇರುವ ಹೈ-ಝಡ್ ಇನ್‌ಪುಟ್‌ಗೆ ಸಿಕ್ಕಿಸಿದ್ದರಿಂದ ಬಲವಾಗಿ ಮೀಟಿದಾಗಲೆಲ್ಲ ಧ್ವನಿ ಒಡೆಯಿತು. ಹೀಗೆ ಒಡೆದದ್ದನ್ನು ಆಮೇಲೆ ಫೇಡರ್ (ಧ್ವನಿಮಟ್ಟದ ಗುಂಡಿ) ಇಳಿಸಿ ಸರಿಪಡಿಸಲಾಗದು. ತುದಿ ಕತ್ತರಿಸಿಹೋದ ಅಲೆ ಸಣ್ಣದಾಗುತ್ತದೆಯೇ ಹೊರತು ಹೋದ ತುದಿ ಮರಳಿ ಬರುವುದಿಲ್ಲ. ಲೈನ್ ಇನ್‌ಪುಟ್‌ಗೆ ಬದಲಿಸಿ ಗೇನ್ (ಒಳಬರುವ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಅನ್ನು ಕನಿಷ್ಠಕ್ಕೆ ತಂದ ಮೇಲೆ ಒಡಕು ನಿಂತಿತಾದರೂ, ಮಾಡೆಲರ್, ಇಂಟರ್ಫೇಸ್ ಎರಡು ಕಡೆ ಮಟ್ಟವನ್ನು ಕಾಯುವ ಕೆಲಸ ಉಳಿಯಿತು.

ಮಾಡೆಲರನ್ನು ಯುಎಸ್‌ಬಿ ಮೂಲಕ ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಿದಾಗ ಆ ಕಾವಲು ಒಂದೇ ಕಡೆಗೆ ಇಳಿಯಿತು. ಪ್ರೀಸೆಟ್‌ನ (ಉಳಿಸಿಟ್ಟ ಧ್ವನಿ ಜೋಡಣೆಯ) ಕೊನೆಯ ಮಟ್ಟವನ್ನು ತಗ್ಗಿಸಿ, ಅತಿ ಬಲವಾಗಿ ಮೀಟಿದಾಗಲೂ ಮೀಟರ್ -12 ಡಿಬಿ (ಡೆಸಿಬೆಲ್) ದಾಟದಂತೆ ನೋಡಿಕೊಂಡೆ. 24 ಬಿಟ್ ಮುದ್ರಣಕ್ಕೆ ತಾತ್ವಿಕವಾಗಿ ಸುಮಾರು 144 ಡಿಬಿ ವ್ಯಾಪ್ತಿ ಇರುವಾಗ ಮಟ್ಟ ಮೀರಿದ್ದನ್ನು ತೋರಿಸುವ ಕೆಂಪು ದೀಪದ ಸಮೀಪಕ್ಕೆ ಹೋಗುವ ಅಗತ್ಯವೇ ಇಲ್ಲ.

ಮೂರನೆಯದರಲ್ಲಿ ಗಿಟಾರ್ ನೇರವಾಗಿ ಹೈ-ಝಡ್ ಇನ್‌ಪುಟ್‌ಗೆ ಹೋಗುತ್ತದೆ, ಆಂಪ್ ಕಂಪ್ಯೂಟರಿನೊಳಗಿನ ಪ್ಲಗಿನ್ (ಮುದ್ರಣ ತಂತ್ರಾಂಶಕ್ಕೆ ಸೇರಿಸುವ ಪುಟ್ಟ ತಂತ್ರಾಂಶ) ಆಗಿರುತ್ತದೆ. ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ಇದನ್ನು ಮಾಡಿ ನೋಡಿದಾಗ ನನ್ನನ್ನು ಬಹಳ ದಿನ ಕಾಡಿದ್ದು, ಕೆಂಪು ದೀಪ ಹತ್ತದೆಯೇ ಬರುತ್ತಿದ್ದ ಒರಟುತನ. ಇಂಟರ್ಫೇಸ್‌ನ ಗೇನ್ ಏರಿಸಿದಷ್ಟೂ ಮಾದರಿ ಆಂಪ್‌ನ ಒಳಬಾಗಿಲಿಗೆ ಹೆಚ್ಚಿನ ಸಂಕೇತ ಬಡಿಯುತ್ತದೆ. ನಿಜವಾದ ಆಂಪ್‌ಗೆ ಬೂಸ್ಟರ್ ಹಚ್ಚಿದಂತೆ ಅದು ತನ್ನ ಸಹಜ ಒಡಕನ್ನೇ ಹೆಚ್ಚಿಸುತ್ತದೆ. ಗೇನ್ ಅನ್ನು ಕನಿಷ್ಠದಲ್ಲಿಟ್ಟು, ಇಂಟರ್ಫೇಸ್ ತಾಳಿಕೊಳ್ಳುವ ಗರಿಷ್ಠ ಮಟ್ಟವನ್ನು ಅದರ ಕೈಪಿಡಿಯಲ್ಲಿ ಡಿಬಿಯು (ಸಂಕೇತದ ವೋಲ್ಟೇಜ್ ಅಳೆಯುವ ಮಾನ) ಲೆಕ್ಕದಲ್ಲಿ ನೋಡಿ, ಪ್ಲಗಿನ್‌ನ ಇನ್‌ಪುಟ್ ಅನ್ನು ಅದಕ್ಕೆ ಹೊಂದಿಸಿದ ಮೇಲೆ ನಾದ ತಿಳಿಯಾಯಿತು.

ಇನ್ನೊಂದು ಬಗೆಯ ಒಡಕು ಮಟ್ಟ ಇಳಿಸಿದರೂ ಪೂರ್ತಿ ಹೋಗದು. 48000 ಹರ್ಟ್ಜ್ ಸ್ಯಾಂಪ್ಲಿಂಗ್ ದರದಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಧ್ವನಿಯನ್ನು ಅಳೆಯುವಾಗ, 24000 ಹರ್ಟ್ಜ್‌ಗಿಂತ ಮೇಲಿನದಕ್ಕೆ ಸ್ಥಳವಿಲ್ಲದ್ದರಿಂದ, ಆಂಪ್ ಹುಟ್ಟಿಸಿದ 30000 ಹರ್ಟ್ಜ್‌ನ ಹಾರ್ಮೋನಿಕ್ (ಮೂಲ ಸ್ವರದ ಗುಣಕವಾದ ಮೇಲಿನ ಕಂಪನ) ಮಡಚಿಕೊಂಡು 18000ಕ್ಕೆ ಬಂದು ಕೂರುತ್ತದೆ. ತಂತಿ ಎಳೆದು ಸ್ವರ ಏರಿಸುವಾಗ ಅದರ ಹಿಂದೆ ಇನ್ನೊಂದು ಕ್ಷೀಣ ಸ್ವರ ಇಳಿಯುವುದು ಕೇಳಿಸಿದರೆ ಅದು ಇದೇ. ನಾನು ಬಳಸುವ ಇನ್ನೊಂದು ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ದರದಲ್ಲಿ ಲೆಕ್ಕ ಹಾಕುವುದು) ಅನ್ನು 4 ಪಟ್ಟಿಗೆ ಏರಿಸಿದಾಗ ಅದು ಬಹುಮಟ್ಟಿಗೆ ತಗ್ಗಿತು, ಆದರೆ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು.

ವಚನಗಳಿಗೆ ಈಗ ಯುಎಸ್‌ಬಿ ದಾರಿಯನ್ನೇ ಹಿಡಿದಿದ್ದೇನೆ. ಜೊತೆಯಲ್ಲೇ ಮಾಡೆಲರ್‌ನ ಎರಡನೆಯ ಚಾನೆಲ್‌ನಲ್ಲಿ ಆಂಪ್ ಸೋಕದ ಗಿಟಾರ್ ಸಂಕೇತವನ್ನೂ ಮುದ್ರಿಸಿಡುತ್ತೇನೆ, ಆಂಪ್ ಧ್ವನಿ ಹಿಡಿಸದಿದ್ದ ದಿನ ಅದನ್ನೇ ಪ್ಲಗಿನ್‌ಗೆ ಕೊಡುತ್ತೇನೆ.