ಆಲ್ಫಾ-ಸಿನ್ಯೂಕ್ಲಿನ್ ತಯಾರಿಕೆ: ಇ. ಕೋಲೈ ಮತ್ತು ಯೀಸ್ಟ್ ನಡುವೆ ಒಂದು ಹೋಲಿಕೆ

ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಕಾಣುವ ಲೂಯಿ ಕಾಯಗಳಲ್ಲಿ ಮುಖ್ಯವಾಗಿ ತುಂಬಿಕೊಂಡಿರುವುದು ಆಲ್ಫಾ-ಸಿನ್ಯೂಕ್ಲಿನ್ ಎಂಬ, 140 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ಒಂಟಿಯಾಗಿದ್ದಾಗ ಇದಕ್ಕೆ ಇಂಥದ್ದೇ ಎಂಬ ಆಕಾರವಿಲ್ಲ. ಸಂದರ್ಭ ಒದಗಿದರೆ ಒಂದಕ್ಕೊಂದು ಅಂಟಿಕೊಂಡು ಕರಗದ ಎಳೆಗಳಾಗುತ್ತದೆ. ಈ ಬದಲಾವಣೆಯನ್ನು ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಲು ಶುದ್ಧ ಪ್ರೋಟೀನು ಮಿಲಿಗ್ರಾಂಗಟ್ಟಲೆ ಬೇಕಾಗುವುದರಿಂದ ಅದರ ಮಾನವ ಜೀನನ್ನು ಸೂಕ್ಷ್ಮಜೀವಿಗಳಿಗೆ ಸೇರಿಸಿ ಅವುಗಳಲ್ಲೇ ತಯಾರಿಸಿಕೊಳ್ಳುವುದು ರೂಢಿ. ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಮೂರು ದಾರಿಗಳನ್ನು ಹಿಡಿದು ನೋಡಿದ್ದೇವೆ. ಇ. ಕೋಲೈ ಕೋಶಗಳನ್ನು ಒಡೆದು, ಕುದಿಸಿ ಪ್ರೋಟೀನನ್ನು ಬೇರ್ಪಡಿಸುವುದು ಒಂದು. ಅದೇ ಬ್ಯಾಕ್ಟೀರಿಯಾದ ಒಳಪೊರೆ ಮತ್ತು ಹೊರಪೊರೆಗಳ ನಡುವಿನ ಜಾಗದಿಂದಷ್ಟೇ ಅದನ್ನು ಹೊರಗೆಳೆಯುವುದು ಇನ್ನೊಂದು. ಬ್ರೆಡ್ಡಿಗೆ ಬಳಸುವ ಯೀಸ್ಟಿನಲ್ಲಿ ತಯಾರಿಸುವುದು ಮೂರನೆಯದು. ಇಳುವರಿಯನ್ನೇ ಅಳತೆಗೋಲಾಗಿ ಹಿಡಿದರೆ ಈ ಹೋಲಿಕೆ ಒಂದು ಸಾಲಿನಲ್ಲಿ ಮುಗಿಯುತ್ತದೆ, ಮೊದಲನೆಯದೇ ಗೆಲ್ಲುತ್ತದೆ. ಆದರೆ ಎಳೆ ಕಟ್ಟುವ ಪ್ರಯೋಗ ನಡೆಸುವವರು ಮೊದಲು ನೋಡಬೇಕಾದದ್ದು ಬೇರೆ ಬೇರೆ ಬ್ಯಾಚುಗಳ ಪ್ರೋಟೀನು ಒಂದೇ ರೀತಿ ವರ್ತಿಸುತ್ತದೆಯೇ ಎಂಬುದನ್ನು.

ಕುದಿಸುವ ವಿಧಾನ ಹೊಸಬರಿಗೆ ನಂಬಲು ಕಷ್ಟವೆನಿಸುವಷ್ಟು ಸರಳ. ಲಾನ್ ಮತ್ತು ಓಂಪ್-ಟಿ ಎಂಬ ಪ್ರೋಟೀನು ಕತ್ತರಿಸುವ ಕಿಣ್ವಗಳಿಲ್ಲದ ಬಿಎಲ್21(ಡಿಇ3) ಎಂಬ ಇ. ಕೋಲೈ ತಳಿಯನ್ನು 37 ಡಿಗ್ರಿಯಲ್ಲಿ ಬೆಳೆಸಿ, ಸೇರಿಸಿದ ಜೀನನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕ ಹಾಕಿ, ಕೆಲವು ಗಂಟೆಗಳ ನಂತರ ಕೋಶಗಳನ್ನು ಒಡೆದು, ಆ ದ್ರವವನ್ನು ಕುದಿಯುವ ನೀರಿನಲ್ಲಿ ಇಡಬೇಕು. ಬ್ಯಾಕ್ಟೀರಿಯಾದ ಬಹುತೇಕ ಪ್ರೋಟೀನುಗಳು ಒಡೆದ ಹಾಲಿನಂತೆ ಬಿಳಿ ಗರಣೆಗಟ್ಟುತ್ತವೆ. ಕೆಡಲು ತನಗೊಂದು ಆಕಾರವೇ ಇಲ್ಲದ ಆಲ್ಫಾ-ಸಿನ್ಯೂಕ್ಲಿನ್ ಮಾತ್ರ ಕರಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಋಣ ವಿದ್ಯುದಂಶದ ಅಣುಗಳನ್ನು ಹಿಡಿದಿಡುವ ಋಣ ಅಯಾನು ವಿನಿಮಯ ಕಾಲಂಗೆ ಹಾಕಿದರೆ ಸಾಕಷ್ಟು ಶುದ್ಧ ಪ್ರೋಟೀನು ಕೈಸೇರುತ್ತದೆ. ಲೀಟರ್ ಮಾಧ್ಯಮಕ್ಕೆ ಹತ್ತಾರು ಮಿಲಿಗ್ರಾಂ ಅಸಾಮಾನ್ಯವೇನಲ್ಲ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದಾಗ ಸುಮಾರು 14.5 ಕಿಲೋಡಾಲ್ಟನ್ ತೂಕದ ಈ ಪ್ರೋಟೀನು 17-18ರ ಹತ್ತಿರ ನಿಂತರೆ ಗಾಬರಿಯಾಗಬೇಕಿಲ್ಲ, ಅದರ ಬಾಲದ ಭಾಗ ಬಹಳ ಆಮ್ಲೀಯವಾಗಿರುವುದರಿಂದ ಹಾಗೆ ಕಾಣುತ್ತದೆ.

ಆದರೆ ಕುದಿಸಿದಾಗ ಉಳಿಯುವುದು ಪ್ರೋಟೀನು ಒಂದೇ ಅಲ್ಲ, ಡಿಎನ್‌ಎ ಮತ್ತು ಆರ್‌ಎನ್‌ಎ ಚೂರುಗಳೂ ತಿಳಿಯಲ್ಲೇ ಇರುತ್ತವೆ. ಆಲ್ಫಾ-ಸಿನ್ಯೂಕ್ಲಿನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲ, ಟೈರೋಸಿನ್ ನಾಲ್ಕೇ ನಾಲ್ಕು. ಆದ್ದರಿಂದ ಪ್ರೋಟೀನಿನ ಪ್ರಮಾಣ ಅಳೆಯಲು ಬಳಸುವ 280 ನ್ಯಾನೋಮೀಟರಿನಲ್ಲಿ ಅದು ಬೆಳಕನ್ನು ಹೀರುವುದು ಬಹಳ ಕಡಿಮೆ, ಚೂರುಪಾರು ನ್ಯೂಕ್ಲಿಯಿಕ್ ಆಮ್ಲ ಸೇರಿದರೂ ಪ್ರೋಟೀನಿನ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸ್ಟ್ರೆಪ್ಟೊಮೈಸಿನ್ ಸಲ್ಫೇಟ್ ಹಾಕಿ ಆ ನ್ಯೂಕ್ಲಿಯಿಕ್ ಆಮ್ಲವನ್ನು ಮೊದಲೇ ಕೆಳಗಿಳಿಸುವ ಹಂತವನ್ನು ಬಿಡಲೇಬಾರದು. ಇನ್ನೊಂದು ತೊಡಕು ಜೀನಿನಲ್ಲೇ ಅಡಗಿದೆ. 136ನೆಯ ಸ್ಥಾನದ ಟೈರೋಸಿನ್‌ಗೆ ಮಾನವ ಜೀನಿನಲ್ಲಿರುವ ಟಿಎಸಿ ಸಂಕೇತವನ್ನು ಇ. ಕೋಲೈ ಒಮ್ಮೊಮ್ಮೆ ತಪ್ಪಾಗಿ ಓದಿ ಅಲ್ಲಿ ಸಿಸ್ಟೀನ್ ಕೂರಿಸುತ್ತದೆ. ಸಿಸ್ಟೀನೇ ಇಲ್ಲದ ಪ್ರೋಟೀನಿಗೆ ಹೀಗೊಂದು ಸಿಸ್ಟೀನ್ ಬಂದರೆ ಎರಡು ಅಣುಗಳು ಗಂಧಕದ ಬಂಧದಿಂದ ಜೋಡಿಯಾಗುತ್ತವೆ, ಆ ಜೋಡಿಯನ್ನು ರೋಗದ ಲಕ್ಷಣವೆಂದು ಭಾವಿಸುವ ಅಪಾಯವಿದೆ. ಸಂಕೇತವನ್ನು ಟಿಎಟಿ ಎಂದು ಬದಲಿಸಿದ ಪ್ಲಾಸ್ಮಿಡ್ (ಜೀನನ್ನು ಬ್ಯಾಕ್ಟೀರಿಯಾದೊಳಕ್ಕೆ ಒಯ್ಯುವ ಡಿಎನ್‌ಎ ಉಂಗುರ) ಬಳಸುವುದೇ ಇದಕ್ಕೆ ಪರಿಹಾರ. ಯಾರಿಂದಲಾದರೂ ಪ್ಲಾಸ್ಮಿಡ್ ತರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಎರಡನೆಯ ದಾರಿ ಇಷ್ಟು ಒರಟಲ್ಲ. ಇ. ಕೋಲೈನಲ್ಲಿ ತಯಾರಾದ ಆಲ್ಫಾ-ಸಿನ್ಯೂಕ್ಲಿನ್‌ನ ಗಣನೀಯ ಪಾಲು ಎರಡು ಪೊರೆಗಳ ನಡುವೆ ಸೇರುತ್ತದೆ. ಕೋಶಗಳನ್ನು ಶೇಕಡ 40ರ ಸಕ್ಕರೆ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿ, ನಂತರ ಒಮ್ಮೆಲೇ ತಣ್ಣನೆಯ ನೀರಿಗೆ ಹಾಕಿದರೆ ಹೊರಪೊರೆ ಸಡಿಲಗೊಂಡು ಅಲ್ಲಿನ ಪ್ರೋಟೀನುಗಳು ಮಾತ್ರ ಹೊರಬರುತ್ತವೆ, ಕೋಶದ ಒಳಗಿನ ಡಿಎನ್‌ಎ ಬಹುಪಾಲು ಒಳಗೇ ಉಳಿಯುತ್ತದೆ. ನಮ್ಮ ಕೈಯಲ್ಲಿ ಇಳುವರಿ ಸ್ಪಷ್ಟವಾಗಿ ಕಡಿಮೆಯಾಯಿತು, ಕಾಲಂನ ಕೆಲಸವೂ ಅಷ್ಟೇ ಹಗುರಾಯಿತು. ಎಲ್ಲವೂ ತಣ್ಣಗಿರಬೇಕೆಂಬುದೊಂದೇ ತೊಂದರೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಕೋಣೆಯ ಬಿಸಿಯೇ ಬ್ಯಾಕ್ಟೀರಿಯಾ ಬೆಳೆಸಲು ಸಾಕೆನಿಸುವಂತಿರುತ್ತದೆ. ಸಕ್ಕರೆ ನೀರಿನ ಹಂತದ ನಡುವೆ ಕರೆಂಟು ಹೋಗಿ ತಣ್ಣನೆಯ ಸೆಂಟ್ರಿಫ್ಯೂಜ್ ನಿಂತರೆ ಆ ದಿನದ ಕೆಲಸ ಅಲ್ಲಿಗೇ ಮುಗಿದಂತೆ. ಕುದಿಸುವ ವಿಧಾನಕ್ಕೆ ಈ ಹಂಗಿಲ್ಲ, ನೀರಿನ ಪಾತ್ರೆಯೊಂದು ಕುದಿದರೆ ಸಾಕು.

ನಿಜವಾದ ವ್ಯತ್ಯಾಸ ಕಂಡದ್ದು ಥಿಯೋಫ್ಲಾವಿನ್-ಟಿ ಪರೀಕ್ಷೆಯಲ್ಲಿ. ಎಳೆಗಳಿಗೆ ಅಂಟಿದಾಗ 480 ನ್ಯಾನೋಮೀಟರಿನ ಆಸುಪಾಸಿನಲ್ಲಿ ಹೊಳೆಯುವ ಈ ಬಣ್ಣವನ್ನು ಪ್ರೋಟೀನಿನ ಜೊತೆ ಸೇರಿಸಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಟ್ಟರೆ, ಮೊದಲು ಏನೂ ಆಗದ ಅವಧಿ, ಆಮೇಲೆ ಕಡಿದಾದ ಏರಿಕೆ, ಕೊನೆಗೆ ಸಮತಟ್ಟು, ಹೀಗೆ ರೇಖೆ ಮೂಡುತ್ತದೆ. ಕುದಿಸಿ ತೆಗೆದ ಬ್ಯಾಚುಗಳಲ್ಲಿ ಆ ಮೊದಲ ಅವಧಿ ಪರೀಕ್ಷಾ ತಟ್ಟೆಯ ಒಂದು ಗುಳಿಯಿಂದ ಇನ್ನೊಂದು ಗುಳಿಗೆ ಸಿಕ್ಕಾಪಟ್ಟೆ ಬದಲಾಗುತ್ತಿತ್ತು. ಪೊರೆಗಳ ನಡುವಿನಿಂದ ತೆಗೆದವು ಹೆಚ್ಚು ಒಟ್ಟಾಗಿ ಸಾಗಿದವು. ಆದರೂ ಇದರ ಪೂರ್ತಿ ಶ್ರೇಯಸ್ಸನ್ನು ವಿಧಾನಕ್ಕೆ ಕೊಡಲಾರೆ. ಪ್ರಯೋಗಕ್ಕೆ ಸ್ವಲ್ಪ ಮುಂಚೆ, ಅಣುಗಳನ್ನು ಗಾತ್ರದ ಪ್ರಕಾರ ಬಿಡಿಸುವ ಜೆಲ್ ಫಿಲ್ಟ್ರೇಶನ್ ಕಾಲಂನಲ್ಲಿ ಹಾಯಿಸಿ ಒಂಟಿ ಅಣುಗಳನ್ನಷ್ಟೇ ಹಿಡಿದುಕೊಂಡಾಗ ಕುದಿಸಿದ ಪ್ರೋಟೀನೂ ಬಹುಮಟ್ಟಿಗೆ ಸರಿಹೋಯಿತು. ಶೇಖರಿಸಿಟ್ಟ ಪ್ರೋಟೀನಿನಲ್ಲಿ ಆಗಲೇ ಹುಟ್ಟಿರುವ ಚಿಕ್ಕ ಗುಚ್ಛಗಳೇ ಬೀಜಗಳಾಗಿ ಉಳಿದ ಅಣುಗಳನ್ನು ಎಳೆಯುತ್ತವೆ. ಅವನ್ನು ತೆಗೆಯದೆ ಯಾವ ವಿಧಾನವನ್ನು ಹೊಗಳಿದರೂ ಅರ್ಥವಿಲ್ಲ.

ಯೀಸ್ಟಿನ ಆಕರ್ಷಣೆ ಬೇರೆ ಬಗೆಯದು. ಮನುಷ್ಯನ ಕೋಶದಲ್ಲಿ ಈ ಪ್ರೋಟೀನಿನ ಮೊದಲ ಮೆಥಿಯೋನಿನ್‌ಗೆ ಅಸಿಟೈಲ್ ಗುಂಪು ಅಂಟಿರುತ್ತದೆ. ಇ. ಕೋಲೈ ಅದನ್ನು ತಾನಾಗಿ ಹಚ್ಚುವುದಿಲ್ಲ, ಯೀಸ್ಟು ತನ್ನದೇ ನ್ಯಾಟ್-ಬಿ ಕಿಣ್ವದಿಂದ ಹಚ್ಚುತ್ತದೆ. ಗ್ಲೂಕೋಸಿನಲ್ಲಿ ಸುಮ್ಮನಿದ್ದು ಗ್ಯಾಲಕ್ಟೋಸ್ ಕೊಟ್ಟಾಗ ಎಚ್ಚರಗೊಳ್ಳುವ ಗ್ಯಾಲ್1 ಪ್ರೊಮೋಟರ್ ಎಂಬ ಜೀನಿನ ಸ್ವಿಚ್ಚು ಕೂಡ ಹಿಡಿತದಲ್ಲಿಡಲು ಅನುಕೂಲ. ಆದರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ ಯೀಸ್ಟಿಗೆ ಸುಮಾರು ಒಂದೂವರೆ ಗಂಟೆ ಬೇಕು. ಅದರ ದಪ್ಪ ಗೋಡೆಯನ್ನು ಗಾಜಿನ ಮಣಿಗಳೊಂದಿಗೆ ಕುಟ್ಟಿ ಒಡೆಯಬೇಕು, ಒಡೆದ ಕ್ಷಣದಲ್ಲೇ ಅದರ ಸ್ವಂತ ಕಿಣ್ವಗಳು ನಮ್ಮ ಪ್ರೋಟೀನನ್ನು ತಿನ್ನತೊಡಗುತ್ತವೆ. ಅಲ್ಲದೆ ಈ ಪ್ರೋಟೀನು ಹೆಚ್ಚಾದರೆ ಯೀಸ್ಟೇ ಬೆಳೆಯುವುದನ್ನು ನಿಲ್ಲಿಸುತ್ತದೆ. 2003ರಲ್ಲಿ ವಿಜ್ಞಾನಿಗಳಾದ ಟಿಯಾಗೋ ಔಟೇರೋ ಮತ್ತು ಸೂಸನ್ ಲಿಂಡ್‌ಕ್ವಿಸ್ಟ್ ಇದೇ ಗುಣವನ್ನು ಬಳಸಿಕೊಂಡು ಪಾರ್ಕಿನ್ಸನ್ ರೋಗದ ಯೀಸ್ಟ್ ಮಾದರಿಯನ್ನು ಕಟ್ಟಿದರು. ವಿಷತ್ವವನ್ನು ಅಭ್ಯಾಸ ಮಾಡುವವರಿಗೆ ಇದು ವರ, ಪ್ರೋಟೀನು ಬೇಕಾದವರಿಗೆ ನಷ್ಟ. ಅಸಿಟೈಲ್ ಒಂದೇ ಬೇಕಿದ್ದರೆ ಸೀಳು ಯೀಸ್ಟ್ ಎಂಬ ಇನ್ನೊಂದು ಬಗೆಯ ಯೀಸ್ಟಿನ ನ್ಯಾಟ್-ಬಿ ಜೀನನ್ನು ಇ. ಕೋಲೈಗೆ ಜೊತೆಯಾಗಿ ಸೇರಿಸುವ ಪ್ಲಾಸ್ಮಿಡ್ ಇದೆ, ಯೀಸ್ಟಿನ ಗೊಡವೆಗೆ ಹೋಗಬೇಕಿಲ್ಲ.

ಈ ಹೋಲಿಕೆಯನ್ನು ಬೇರೆ ಪ್ರೋಟೀನುಗಳಿಗೆ ಹಾಗೇ ಅನ್ವಯಿಸುವಂತಿಲ್ಲ. ಆಲ್ಝೈಮರ್‌ಗೆ ಸಂಬಂಧಿಸಿದ ಅಮಿಲಾಯ್ಡ್ ಬೀಟಾ-42 ಇ. ಕೋಲೈನಲ್ಲಿ ಕರಗದ ಗಂಟುಗಳಾಗಿ ಕೂಡಿಕೊಳ್ಳುತ್ತದೆ, ಅದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿಯೇ ಹೊರಗೆ ತರಬೇಕು; ಕುದಿಸುವ ಉಪಾಯ ಅಲ್ಲಿ ನಡೆಯದು.

ಸದ್ಯ ಎಳೆ ಕಟ್ಟುವ ಪ್ರಯೋಗಗಳಿಗೆ ಪೊರೆಗಳ ನಡುವಿನಿಂದ ತೆಗೆದ ಪ್ರೋಟೀನು, ವಿದ್ಯಾರ್ಥಿಗಳ ತರಬೇತಿಗೆ ಕುದಿಸಿದ್ದು ಎಂದು ಇಟ್ಟುಕೊಂಡಿದ್ದೇವೆ. ಪ್ರಾಣಿಕೋಶಗಳ ಮೇಲೆ ಹಾಕಿ ನೋಡುವ ಕೆಲಸಕ್ಕೆ ಮಾತ್ರ ಯೀಸ್ಟಿನದೇ ಬೇಕೆಂದು ಹಟ ಹಿಡಿಯುತ್ತೇನೆ. ಇ. ಕೋಲೈನ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಲವಲೇಶ ಉಳಿದರೂ ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಕೆರಳುತ್ತವೆ, ಆಗ ಕೆರಳಿಸಿದ್ದು ಸಿನ್ಯೂಕ್ಲಿನ್ನೋ ಬ್ಯಾಕ್ಟೀರಿಯಾದ ಕಸವೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ.