ಸೊಂಟನೋವಿಗೆ ಕೈರೋಪ್ರಾಕ್ಟರೋ, ಫಿಸಿಯೋನೋ?

ಡಲ್ಲಾಸ್‌ನಲ್ಲಿ ದಿನವಿಡೀ ಕೂತು ಕೆಲಸ ಮಾಡುವವಳು ನಾನು. ಸೊಂಟ ಹಿಡಿದುಕೊಂಡಾಗ ಮೊದಲು ಕೈರೋಪ್ರಾಕ್ಟರ್ (ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಹತ್ತಿರ ಹೋದೆ, ಆಮೇಲೆ ಫಿಸಿಯೋಥೆರಪಿಗೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂದು ಇಬ್ಬರೂ ಮೊದಲೇ ಹೇಳಿದರು. ಆದರೆ ಮತ್ತೆ ಮತ್ತೆ ಹೋಗಬೇಕಾದ ಕಾರಣ ಎರಡು ಕಡೆಯೂ ಬೇರೆ.

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದಲ್ಲೇ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಲ್ಮರ್ ಶುರುಮಾಡಿದರು. ಮಗ್ಗುಲಾಗಿ ಮಲಗಿಸಿ, ಸೊಂಟ ತಿರುಚಿ ಥಟ್ಟನೆ ಒತ್ತಿದರೆ 'ಲಟ್' ಎನ್ನುತ್ತದೆ. ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು. ಬೆರಳಿನ ಲಟಿಕೆಯ ಹಾಗೆ, ಕೀಲಿನ ದ್ರವದೊಳಗೆ ಅನಿಲ ಗುಳ್ಳೆಗಟ್ಟುವ ಸದ್ದು. ಎದ್ದು ನಿಂತಾಗ ಮೈ ನಿಜಕ್ಕೂ ಹಗುರ, ಬಗ್ಗಿ ಚಪ್ಪಲಿ ಹಾಕಿಕೊಳ್ಳಬಹುದು. ಆದರೆ ಆ ಸಡಿಲ ಬಹಳ ಹೊತ್ತು ಉಳಿಯದು. ಕೂರುವ ಭಂಗಿ, ಸೋತ ಬೆನ್ನಿನ ಸ್ನಾಯು ಇದ್ದ ಹಾಗೇ ಇರುತ್ತವೆ. ಬಿಗಿತ ಮರಳುತ್ತದೆ, ನಾವೂ ಮರಳುತ್ತೇವೆ.

ಫಿಸಿಯೋ ಬಳಿ ಇಂಥ ತಕ್ಷಣದ ಸುಖ ಇಲ್ಲ. ಅಂಗಾತ ಮಲಗಿ ಸೊಂಟ ಎತ್ತುವುದು, ಕೈ-ಮಂಡಿ ಊರಿ ನಿಂತು ಒಂದು ಕೈ, ಎದುರು ಬದಿಯ ಕಾಲು ಚಾಚುವುದು, ಅಷ್ಟೇ. ಶುರುವಿನ ವಾರಗಳಲ್ಲಿ ನರಗಳು ಸ್ನಾಯುವನ್ನು ದುಡಿಸಲು ಕಲಿಯುತ್ತವೆ. ಸ್ನಾಯು ಕಸುವು ಕಟ್ಟಿಕೊಳ್ಳುವುದು ಅದಾದ ಮೇಲೆ. ಇಲ್ಲೂ ಪುನರಾವರ್ತನೆ ಇದೆ, ಆದರೆ ಅದು ನಮ್ಮ ಮನೆಯ ಚಾಪೆಯ ಮೇಲೆ ನಡೆಯುತ್ತದೆ, ನಿನ್ನೆಯದರ ಮೇಲೆ ಇವತ್ತಿನದು ಕೂಡುತ್ತದೆ. ಭೇಟಿಗಳ ಅಂತರ ತಾನಾಗಿ ಹಿಗ್ಗಿತು. ನನ್ನ ಮತ ಇದಕ್ಕೇ.

ಹಾಗೆಂದು ಕೈರೋಪ್ರಾಕ್ಟಿಕ್ ಅನ್ನು ತಳ್ಳಿಹಾಕಲಾರೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲಿ ಸೊಂಟನೋವಿಗೆ ಬೆನ್ನೆಲುಬಿನ ಕೈಚಿಕಿತ್ಸೆಯೂ ಸೇರಿದೆ. ಹೊಸ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ ಎಂಬುದೂ ನೆನಪಿರಲಿ. ವ್ಯಾಯಾಮ ಮಾಡಲೂ ಆಗದಷ್ಟು ಹಿಡಿದಿದ್ದಾಗ ಒಂದೆರಡು ಸಲ ಹೋಗಿಬರುವುದು ಸರಿ. ವರ್ಷದ ಪ್ಯಾಕೇಜಿಗೆ ಮುಂಗಡ ಹಣ ಕೇಳಿದರೆ ಮಾತ್ರ ಒಪ್ಪಬೇಡಿ. ಇಲ್ಲಿ ಮುಖ್ಯವಾಗಿ ಹಿರಿಯರಿಗೆಂದು ಸರ್ಕಾರ ನಡೆಸುವ ಮೆಡಿಕೇರ್ ವಿಮೆ ಕೂಡ ಸುಧಾರಣೆ ಕಾಣುವ ಚಿಕಿತ್ಸೆಗೆ ಹಣ ಕೊಡುತ್ತದೆ, ಸುಮ್ಮನೆ ಮುಂದುವರಿಸುವ 'ಮೇಂಟೆನೆನ್ಸ್'ಗೆ ಕೊಡುವುದಿಲ್ಲ.

ಕುತ್ತಿಗೆಯನ್ನು ಮುಟ್ಟಲು ನಾನು ಬಿಡಲಿಲ್ಲ. ಅಪರೂಪವಾದರೂ, ಕುತ್ತಿಗೆ ತಿರುಚಿದ ಮೇಲೆ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದುಂಟು. ಕಾಲು ಸೋಲುತ್ತಿದ್ದರೆ, ತೊಡೆಸಂದು ಜೋಮು ಹಿಡಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಇಬ್ಬರ ಬಳಿಯೂ ಬೇಡ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.