ಕಾರಾ ಪೋರ್ಟಲ್ ಮೂಲಕ ದತ್ತು: ಸೇವೆಯ ಗುಣಾವಗುಣಗಳು

ಅನಾಥ, ಪರಿತ್ಯಕ್ತ ಅಥವಾ ಹೆತ್ತವರೇ ಒಪ್ಪಿಸಿದ ಮಗುವನ್ನು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದತ್ತು ಪಡೆಯಬೇಕಾದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಪರಿಚಯ, ಶಿಫಾರಸುಗಳಿಗೆ ಎಡೆಯಿಲ್ಲದಂತೆ ಎಲ್ಲರನ್ನೂ ಒಂದೇ ಸರತಿಯಲ್ಲಿ ನಿಲ್ಲಿಸುವುದು ಈ ಸೇವೆಯ ಮೊದಲ ಗುಣ.

ಅರ್ಹತೆಯ ನಿಯಮಗಳು ಸ್ಪಷ್ಟವಾಗಿವೆ. ದಂಪತಿಯ ದಾಂಪತ್ಯ ಕನಿಷ್ಠ ಎರಡು ವರ್ಷ ಸ್ಥಿರವಾಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. 2022ರ ದತ್ತು ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗುವಿಗಾದರೆ ದಂಪತಿಯ ಒಟ್ಟು ವಯಸ್ಸು 85ನ್ನು, ಒಂಟಿ ಅರ್ಜಿದಾರರ ವಯಸ್ಸು 40ನ್ನು ಮೀರುವಂತಿಲ್ಲ. ಮಗು ದೊಡ್ಡದಾದಷ್ಟೂ ಈ ಮಿತಿ ಸಡಿಲವಾಗುತ್ತದೆ. ನಲವತ್ತರ ಆಸುಪಾಸಿನಲ್ಲಿರುವವರು ನಿರ್ಧಾರವನ್ನು ಮುಂದೂಡದಿರುವುದು ಲೇಸು.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ತಿರುಳು ಇರುವುದು ಗೃಹ ಅಧ್ಯಯನದಲ್ಲಿ. ಮನೆಗೆ ಬರುವ ಸಮಾಜ ಕಾರ್ಯಕರ್ತರು ಆದಾಯದ ದಾಖಲೆ, ವೈದ್ಯಕೀಯ ಪ್ರಮಾಣಪತ್ರಗಳನ್ನು ನೋಡುವುದರ ಜೊತೆಗೆ, ಇಬ್ಬರೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು, ಮನೆಯ ಹಿರಿಯರು ಒಪ್ಪಿದ್ದಾರೆಯೇ, ದತ್ತು ಎಂಬ ವಿಷಯವನ್ನು ಮಗುವಿಗೆ ಯಾವಾಗ, ಹೇಗೆ ಹೇಳುವಿರಿ ಎಂದೆಲ್ಲ ವಿಚಾರಿಸುತ್ತಾರೆ. ಇದನ್ನು ತನಿಖೆಯೆಂದು ಭಾವಿಸಿ ಮುಜುಗರಪಡುವವರುಂಟು. ಆದರೆ ಒಮ್ಮೆ ಮನೆ, ಹೆತ್ತವರು ಎಲ್ಲವನ್ನೂ ಕಳೆದುಕೊಂಡ ಮಗುವನ್ನು ಇನ್ನೊಂದು ಮನೆಗೆ ಒಪ್ಪಿಸುವ ಮುನ್ನ ಇಷ್ಟನ್ನಾದರೂ ಕೇಳದಿದ್ದರೆ ಅದು ಬೇಜವಾಬ್ದಾರಿಯಾಗುತ್ತಿತ್ತು.

ನಿರಾಸೆ ತರುವುದು ಕಾಯುವಿಕೆ. ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮಕ್ಕಳಿಗಿಂತ ಅರ್ಜಿದಾರರ ಸಂಖ್ಯೆ ಬಹಳ ಹೆಚ್ಚಿರುವುದರಿಂದ, ಆರೋಗ್ಯವಂತ ಹಸುಗೂಸೇ ಬೇಕೆನ್ನುವವರು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಗೃಹ ಅಧ್ಯಯನ ವರದಿಯ ಮಾನ್ಯತೆ ಮೂರು ವರ್ಷ ಮಾತ್ರ. ಕಾಯುತ್ತಿರುವಾಗಲೇ ಅದು ಹಳತಾದರೆ ನವೀಕರಿಸಬೇಕು. ಸರತಿಯ ಸಂಖ್ಯೆಯನ್ನು ಪೋರ್ಟಲ್ ತೋರಿಸುತ್ತದೆ, ಕಾಯುವ ಮನಸ್ಸಿಗೆ ಅದು ಏನೇನೂ ಸಾಲದು. ಈ ಅವಧಿಯಲ್ಲಿ ಆಪ್ತ ಸಮಾಲೋಚನೆ ಇನ್ನಷ್ಟು ನಿಯಮಿತವಾಗಿ ಸಿಗುವಂತಾಗಬೇಕು. ದೊಡ್ಡ ಮಕ್ಕಳನ್ನು ಅಥವಾ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಸ್ವೀಕರಿಸಲು ನಿಜವಾಗಿಯೂ ಸಿದ್ಧರಿರುವವರಿಗೆ ದಾರಿ ಇಷ್ಟು ದೀರ್ಘವಲ್ಲ.

ಸರದಿ ಬಂದಾಗ ಮಾತ್ರ ಎಲ್ಲವೂ ಅವಸರ. ಮಗುವಿನ ಭಾವಚಿತ್ರ, ಅದರ ಹಿನ್ನೆಲೆ ತಿಳಿಸುವ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಬಂದ 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು. ವೈದ್ಯಕೀಯ ವರದಿಯ ಪರಿಭಾಷೆ ಸಾಮಾನ್ಯರಿಗೆ ಅರ್ಥವಾಗುವಂಥದ್ದಲ್ಲ. ಆದ್ದರಿಂದ ಅದನ್ನು ಓದಿ ಹೇಳಬಲ್ಲ ಮಕ್ಕಳ ತಜ್ಞರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಒಪ್ಪಿದ ಬಳಿಕ ಮಗು ದತ್ತುಪೂರ್ವ ಪೋಷಣೆಗಾಗಿ ಮನೆಗೆ ಬರುತ್ತದೆ. ಅಂತಿಮ ಆದೇಶ ಹೊರಡಿಸುವ ಅಧಿಕಾರ ಹಿಂದೆ ನ್ಯಾಯಾಲಯಕ್ಕಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಅದು ಜಿಲ್ಲಾಧಿಕಾರಿಗೆ ವರ್ಗಾವಣೆಯಾಗಿದೆ. ವಕೀಲರನ್ನು ಹುಡುಕುವ ತಾಪತ್ರಯ ಇದರಿಂದ ತಪ್ಪಿತೆಂಬುದು ನಿಜ. ಆದರೂ ಚುನಾವಣೆ, ನೆರೆ, ಬರಗಳ ನಡುವೆ ಇರುವ ಅಧಿಕಾರಿಯ ಮೇಜಿನಲ್ಲಿ ಈ ಕಡತಕ್ಕೆ ಎಷ್ಟು ಆದ್ಯತೆ ಸಿಕ್ಕೀತು ಎಂಬ ಶಂಕೆ ನನಗಿದೆ. ಮಗು ದತ್ತುಪೂರ್ವ ಪೋಷಣೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗುವಿನ ಪ್ರಗತಿಯ ವರದಿ ಸಿದ್ಧವಾಗುತ್ತದೆ.

ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆ, 1956ರ ಅಡಿಯಲ್ಲಿ ಬಂಧುಗಳ ಮಗುವನ್ನು ಪಡೆಯುವ ಪ್ರತ್ಯೇಕ ದಾರಿಯೂ ಇದೆ, ಅದರ ಷರತ್ತುಗಳು ಬೇರೆ. ಆದರೆ ಆಸ್ಪತ್ರೆಯಿಂದಲೇ ಕೂಸನ್ನು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಗೆ ಹಣ ಕೊಟ್ಟರೆ ಅದು ಮಗುವಿನ ಮಾರಾಟವಾಗುತ್ತದೆ. ಬಾಲನ್ಯಾಯ ಕಾಯ್ದೆಯ 81ನೇ ಕಲಮಿನ ಪ್ರಕಾರ ಕೊಟ್ಟವರೂ ಕೊಂಡವರೂ ಐದು ವರ್ಷಗಳವರೆಗಿನ ಕಠಿಣ ಸೆರೆವಾಸಕ್ಕೆ ಗುರಿಯಾಗಬಹುದು.